ಮೂರು ವರ್ಷದಲ್ಲಿ 450 ಸಸಿ ನೆಟ್ಟೆವು, ಉಳಿದದ್ದು 61: ಕಾಲೇಜಿನ ಆವರಣದಲ್ಲಿ ಪರಿಸರದ ಕೆಲಸವನ್ನು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಸಸ್ಯಶಾಸ್ತ್ರ ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ನಾನು ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮೂರು ವರ್ಷಗಳಿಂದ ಪರಿಸರ ಸಮಿತಿಯ ಸಂಚಾಲಕಿಯೂ ಹೌದು. ಪ್ರತಿ ವರ್ಷ ವಿಶ್ವ ಪರಿಸರ ದಿನವಾದ ಜೂನ್ 5ರಂದು 150 ಸಸಿ ನೆಡುತ್ತೇವೆ. ಆ ದಿನ ಬೆಳಿಗ್ಗೆ ವಿದ್ಯಾರ್ಥಿಗಳ ಉತ್ಸಾಹ ನೋಡಿದರೆ ಕಣ್ಣು ತುಂಬಿ ಬರುತ್ತದೆ. ಮಣ್ಣು ಮೆತ್ತಿದ ಕೈಯಲ್ಲೇ ಒಬ್ಬರಿಗೊಬ್ಬರು ನೀರು ಎತ್ತಿ ಕೊಡುತ್ತಾರೆ, ತಾವು ನೆಟ್ಟ ಸಸಿಗೆ ಹೆಸರಿಡುತ್ತಾರೆ.

ಕಳೆದ ರಜೆಯಲ್ಲಿ ಒಂದು ದಿನ ನೋಟ್‌ಬುಕ್ ಹಿಡಿದು ಒಬ್ಬಳೇ ಆವರಣವೆಲ್ಲ ಸುತ್ತಿದೆ. ಮೂರು ವರ್ಷದ 450 ಸಸಿಗಳಲ್ಲಿ ಎಷ್ಟು ಉಳಿದಿವೆ ಎಂದು ಎಣಿಸುವುದು ನನ್ನ ಉದ್ದೇಶ. 61 ಸಿಕ್ಕವು. ಉಳಿದ ಕಡೆ ಒಣಗಿದ ಕಡ್ಡಿ, ಅದಕ್ಕೆ ಕಟ್ಟಿದ್ದ ದಾರ, ಕೆಲವೆಡೆ ಮಕ್ಕಳು ಬರೆದಿಟ್ಟ ಹೆಸರಿನ ಚೀಟಿ ಮಾತ್ರ ಇದ್ದವು. ಅಲ್ಲೇ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದೆ.

ಇನ್ನೊಂದು ಸಂಗತಿ ಹೇಳಲೇಬೇಕು. ಪ್ರತಿದಿನ ಬೆಳಿಗ್ಗೆ ಒಂಬತ್ತೂವರೆಗೆ ಹಿಂಗೋಡೆಯ ಬಳಿ ತರಗೆಲೆಗಳನ್ನು ರಾಶಿ ಹಾಕಿ ಸುಡುತ್ತಾರೆ. ಅದೇ ಹೊತ್ತಿಗೆ ನನ್ನ ಮೊದಲ ತರಗತಿ. ಎಲೆ ಮಣ್ಣಾಗುವುದು ಹೇಗೆ, ಸಸ್ಯಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನು ಶಿಲೀಂಧ್ರಗಳು ಹೇಗೆ ಒಡೆಯುತ್ತವೆ ಎಂದು ನಾನು ಪಾಠ ಮಾಡುತ್ತಿರುವಾಗ ಕಿಟಕಿಯಿಂದ ಆ ಹೊಗೆ ಒಳಗೆ ಬರುತ್ತದೆ. ಒಬ್ಬ ಹುಡುಗಿಗೆ ಉಬ್ಬಸ ಇರುವುದರಿಂದ ಕಿಟಕಿ ಮುಚ್ಚಿ ಪಾಠ ಮುಂದುವರಿಸುತ್ತೇನೆ.

ಪ್ರಾಂಶುಪಾಲರು ಮುಂದಿನ ವರ್ಷಕ್ಕೆ ಒಂದು ಯೋಜನೆ ಬರೆದುಕೊಡಿ ಎಂದಿದ್ದಾರೆ. ಮೌಲ್ಯಮಾಪನಕ್ಕೆ ಬರುವ ತಂಡಕ್ಕೆ ತೋರಿಸುವ ಫೋಟೋಗಳ ಕಡತ ಈಗಾಗಲೇ ದಪ್ಪವಾಗಿದೆ. ಅದನ್ನು ಇನ್ನಷ್ಟು ದಪ್ಪ ಮಾಡುವ ಮನಸ್ಸು ನನಗಿಲ್ಲ. ನಿಜವಾಗಿ ಏನಾದರೂ ಬದಲಾಗಬೇಕು. ಸಮಿತಿಯಲ್ಲಿ ಕೆಲವರು ಛಾವಣಿಗೆ ಸೌರ ಫಲಕ ಎನ್ನುತ್ತಾರೆ, ಕೆಲವರು ಎರಡು ಬಣ್ಣದ ಕಸದ ಬುಟ್ಟಿ ಎನ್ನುತ್ತಾರೆ. (ಬುಟ್ಟಿಗಳು ಈಗಲೂ ಇವೆ. ಸಂಜೆ ಎರಡನ್ನೂ ಒಂದೇ ಗಾಡಿಗೆ ಸುರಿಯುವುದನ್ನು ನಾನೇ ನೋಡಿದ್ದೇನೆ.) ಇಂಥ ಕೆಲಸವನ್ನು ಕೈಯಾರೆ ಮಾಡಿದವರು ಯಾರಾದರೂ ಇದ್ದರೆ, ಮೊದಲ ಹೆಜ್ಜೆ ಯಾವುದು ಎಂದು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ನಿರ್ವಹಣಾ ಎಂಜಿನಿಯರ್

ಮೇಡಂ, 22 ವರ್ಷ ಒಂದು ದೊಡ್ಡ ಶಿಕ್ಷಣ ಸಂಸ್ಥೆಯ ವಿದ್ಯುತ್ ಮತ್ತು ನೀರಿನ ನಿರ್ವಹಣೆ ನೋಡಿಕೊಂಡವನು ನಾನು. ನೀವು ರಜೆಯಲ್ಲಿ ಹೋಗಿ ಎಣಿಸಿದಿರಲ್ಲ, ಅದನ್ನೇ ಮುಂದುವರಿಸಿ. ಈ ಸಲ ವಿದ್ಯುತ್ತನ್ನೂ ನೀರನ್ನೂ ಎಣಿಸಿ, ಅದನ್ನೂ ಕಾಲೇಜು ಖಾಲಿ ಇರುವಾಗಲೇ ಮಾಡಿ.

ಹೀಗೆ ಹೇಳಲು ಕಾರಣವಿದೆ. ವರ್ಷದಲ್ಲಿ 8,760 ಗಂಟೆಗಳಿವೆ. ದಿನಕ್ಕೆ ಎಂಟು ಗಂಟೆಯಂತೆ 220 ದಿನ ಕಾಲೇಜು ನಡೆದರೂ 1,760 ಗಂಟೆ ಆಗುತ್ತದೆ. ಉಳಿದ ಏಳು ಸಾವಿರ ಗಂಟೆ ಆ ಕಟ್ಟಡಗಳಲ್ಲಿ ಮನುಷ್ಯರಿರುವುದಿಲ್ಲ. ಆದರೆ ಮೀಟರ್ ತಿರುಗುತ್ತಲೇ ಇರುತ್ತದೆ. ಪರಿಸರದ ಬಗ್ಗೆ ನಾವು ಹಾಕುವ ಫಲಕಗಳೆಲ್ಲ ಆ ಸಾವಿರದ ಏಳುನೂರು ಗಂಟೆಗಳಿಗೆ ಬರೆದವು. "ಹೊರಡುವಾಗ ದೀಪ ಆರಿಸಿ" ಎಂಬುದೊಂದೇ ಉಳಿದ ಸಮಯಕ್ಕೆ ಅನ್ವಯಿಸುವುದು, ಅದನ್ನೂ ದೀಪಕ್ಕಷ್ಟೇ ಸೀಮಿತ ಮಾಡಿದ್ದೇವೆ.

ನಮ್ಮ ಸಂಸ್ಥೆಯಲ್ಲಿ ಒಮ್ಮೆ ರಾತ್ರಿ 2 ಗಂಟೆಗೆ ನಾನು ಮತ್ತು ಒಬ್ಬ ಎಲೆಕ್ಟ್ರಿಷಿಯನ್ ಮುಖ್ಯ ಮೀಟರಿನ ಮುಂದೆ ನಿಂತೆವು. ಹಗಲಿನ ಗರಿಷ್ಠ ಲೋಡ್, ಅಂದರೆ ಒಂದೇ ಹೊತ್ತಿಗೆ ಎಳೆಯುವ ವಿದ್ಯುತ್, 180 ಕಿಲೋವಾಟ್ ಇರುತ್ತಿತ್ತು. ರಾತ್ರಿ 2ಕ್ಕೆ 70 ತೋರಿಸಿತು. ಮೀಟರ್ ಕೆಟ್ಟಿದೆ ಎಂದುಕೊಂಡೆವು, ಕೆಟ್ಟಿರಲಿಲ್ಲ. ಎಲೆಕ್ಟ್ರಿಷಿಯನ್ ಪ್ಯಾನೆಲ್ಲಿನ ಹತ್ತಿರ ನಿಂತು ಒಂದೊಂದೇ ಫೀಡರಿನ (ಕಟ್ಟಡಕ್ಕೆ ವಿದ್ಯುತ್ ಒಯ್ಯುವ ಮಾರ್ಗದ) ಆಂಪಿಯರ್ ಓದುತ್ತಾ ಬಂದ, ನಾನು ಟಾರ್ಚ್ ಹಿಡಿದು ಆಯಾ ಕಟ್ಟಡಕ್ಕೆ ಹೋದೆ. ರಸಾಯನಶಾಸ್ತ್ರ ಪ್ರಯೋಗಾಲಯದ ಎಕ್ಸಾಸ್ಟ್ ಫ್ಯಾನುಗಳು ಓಡುತ್ತಿದ್ದವು. ಆರು ನೀರಿನ ಕೂಲರುಗಳು ಯಾರೂ ಕುಡಿಯದ ನೀರನ್ನು ರಾತ್ರಿಯಿಡೀ ತಂಪು ಮಾಡುತ್ತಿದ್ದವು. ಎಲ್ಲಕ್ಕಿಂತ ನೋವಾದದ್ದು ಪಂಪ್ ನೋಡಿ. ಛಾವಣಿಯ ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸಬೇಕಾದ ಫ್ಲೋಟ್ ವಾಲ್ವ್ ಹಾಳಾಗಿ ನೀರು ತುಂಬಿ ಚರಂಡಿಗೆ ಹರಿಯುತ್ತಿತ್ತು. ಹರಿದುಹೋಗುವ ನೀರನ್ನು ನಾಲ್ಕು ಮಹಡಿ ಮೇಲೆತ್ತಲು ಪಂಪ್ ಬಿಡುವಿಲ್ಲದೆ ದುಡಿಯುತ್ತಿತ್ತು.

ಒಂದು ಕಿಲೋವಾಟ್ ಲೋಡ್ ಒಂದು ಗಂಟೆ ಇದ್ದರೆ ಒಂದು ಯೂನಿಟ್; ಬೇಕಿಲ್ಲದ 10 ಕಿಲೋವಾಟ್ ಲೋಡ್ ವರ್ಷವಿಡೀ ಇದ್ದರೆ 87,600 ಯೂನಿಟ್ ಆಗುತ್ತದೆ. ಅದನ್ನು ನಿಲ್ಲಿಸಲು ಹೊಸ ಯಂತ್ರ ಬೇಡ, ಟೈಮರ್ ಮತ್ತು ಜವಾಬ್ದಾರಿ ಇರುವ ಒಬ್ಬ ಮನುಷ್ಯ ಸಾಕು. ಸೌರ ಫಲಕಕ್ಕೆ ನನ್ನ ವಿರೋಧವಿಲ್ಲ. ಆದರೆ ಪೋಲನ್ನು ಮೊದಲು ನಿಲ್ಲಿಸಿದರೆ ಬೇಕಾಗುವ ಫಲಕಗಳ ಸಂಖ್ಯೆಯೇ ಇಳಿಯುತ್ತದೆ.

ನೀವು ಅಳೆಯುವಾಗ ಒಂದು ಎಚ್ಚರಿಕೆ. ದೊಡ್ಡ ಸಂಪರ್ಕಗಳ ಮೀಟರಿನ ಅಂಕಿಯನ್ನು ನೇರವಾಗಿ ಯೂನಿಟ್ ಎಂದುಕೊಳ್ಳಬೇಡಿ; ಅದಕ್ಕೊಂದು ಗುಣಕ ಇರುತ್ತದೆ, ಮೀಟರಿನ ಮೇಲೆ ಅಥವಾ ಬಿಲ್ಲಿನಲ್ಲಿ ಬರೆದಿರುತ್ತಾರೆ. ಎರಡು ಓದುಗಳ ವ್ಯತ್ಯಾಸವನ್ನು ಅದರಿಂದ ಗುಣಿಸಬೇಕು. ಒಂದು ಗಂಟೆಯ ಅಂತರದಲ್ಲಿ ಎರಡು ಸಲ ಬರೆದುಕೊಂಡರೆ ಆ ಗಂಟೆಯ ಸರಾಸರಿ ಲೋಡ್ ಕಿಲೋವಾಟಿನಲ್ಲಿ ಸಿಗುತ್ತದೆ. ಕಾವಲುಗಾರರನ್ನು ಜೊತೆಗೆ ಕರೆದುಕೊಂಡೇ ಹೋಗಿ, ಪ್ಯಾನೆಲ್ ಮುಟ್ಟಬೇಡಿ, ಓದಿದರೆ ಸಾಕು.

ನೀರಿಗೂ ಇದೇ ದಾರಿ. ರಾತ್ರಿ ಎಲ್ಲರೂ ಹೋದ ಮೇಲೆ ಟ್ಯಾಂಕಿನ ಮಟ್ಟ ಗುರುತಿಸಿ, ಪಂಪ್ ಆರಿಸಿ, ಬೆಳಿಗ್ಗೆ ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಶೌಚಾಲಯದ ಫ್ಲಶ್ ಟ್ಯಾಂಕುಗಳು ಸದ್ದಿಲ್ಲದೆ ಸೋರುತ್ತವೆ. ಟ್ಯಾಂಕಿನೊಳಗೆ ಸ್ವಲ್ಪ ಬಣ್ಣ ಹಾಕಿ ಹದಿನೈದು ನಿಮಿಷ ಬಿಟ್ಟು ನೋಡಿದರೆ, ಸೋರುವಂಥದ್ದರಲ್ಲಿ ಬಣ್ಣ ಕೆಳಗಿಳಿದಿರುತ್ತದೆ. ನಲ್ಲಿಯಾದರೆ ಕೆಳಗೆ ಮಗ್ ಇಡಿ. ನಿಮಿಷಕ್ಕೆ 100 ಮಿಲಿಲೀಟರ್ ಸೋರಿದರೆ ದಿನಕ್ಕೆ 144 ಲೀಟರ್.

ಫ್ಯಾನು, ದೀಪ ಬದಲಿಸುವುದಾದರೆ ಅತಿ ಹೆಚ್ಚು ಹೊತ್ತು ಉರಿಯುವ ಕಡೆಯಿಂದ ಶುರು ಮಾಡಿ. ಹಳೆಯ ಸೀಲಿಂಗ್ ಫ್ಯಾನ್ 75 ವಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಎಂಬ, ಬ್ರಷ್ ಇಲ್ಲದ ಹೊಸ ಬಗೆಯ ಮೋಟಾರಿನದು ಸುಮಾರು 30. ಗ್ರಂಥಾಲಯದ ಓದುಕೋಣೆಗೆ ಮೊದಲು ಹಾಕಬೇಕು. ಎಷ್ಟೋ ಕಡೆ ಅತಿಥಿಗಳ ಕಣ್ಣಿಗೆ ಬೀಳಲಿ ಎಂದು ಸಭಾಂಗಣಕ್ಕೆ ಹಾಕುತ್ತಾರೆ; ವರ್ಷಕ್ಕೆ ಹತ್ತು ದಿನ ಬಾಗಿಲು ತೆರೆಯುವ ಸಭಾಂಗಣದಲ್ಲಿ ಅದು ಉಳಿಸುವುದು ತೀರಾ ಕಡಿಮೆ.

ಇನ್ನು ಯಾರೂ ಮಾತಾಡದ ಒಂದು ವಿಷಯ, ಎಸಿಯ ಅನಿಲ. ಹಲವು ಎಸಿಗಳಲ್ಲಿರುವ ಆರ್-410ಎ ಎಂಬ ತಂಪುಕಾರಿ ಅನಿಲ ಒಂದು ಕಿಲೋ ಗಾಳಿಗೆ ಸೇರಿದರೆ, ನೂರು ವರ್ಷದ ಲೆಕ್ಕದಲ್ಲಿ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ತಾಪ ಹಿಡಿದಿಡುತ್ತದೆ. ದುರಸ್ತಿಗೆ ಬಂದವರು ನಟ್ ಸಡಿಲಿಸಿ ಅದನ್ನು ಸುಮ್ಮನೆ ಹೊರಗೆ ಬಿಡುವುದನ್ನು ನಾನು ಎಷ್ಟೋ ಸಲ ತಡೆದಿದ್ದೇನೆ. ಗುತ್ತಿಗೆ ಪತ್ರದಲ್ಲಿ "ಅನಿಲವನ್ನು ಸಿಲಿಂಡರಿಗೆ ಹಿಂಪಡೆಯಬೇಕು, ತುಂಬಿದ ತೂಕವನ್ನು ಬರೆದುಕೊಡಬೇಕು" ಎಂದು ಎರಡು ಸಾಲು ಸೇರಿಸಿ. ಪ್ರತಿ ವರ್ಷ ಅನಿಲ ತುಂಬಿಸುವ ಎಸಿ ಇದ್ದರೆ ಅದು ಸೋರುತ್ತಿದೆ ಎಂದೇ ಅರ್ಥ.

ಸಸಿಗಳ ವಿಷಯ ನನಗೆ ಗೊತ್ತಿಲ್ಲ. ಒಂದು ವರ್ಷ ಅದನ್ನು ಬದಿಗಿಡಿ ಎಂದೇ ಹೇಳುತ್ತೇನೆ.

ಉತ್ತರ: ಹಾಸ್ಟೆಲ್ ಮೇಲ್ವಿಚಾರಕಿ

ನಿಮ್ಮ ಹಿಂಗೋಡೆಯ ಹೊಗೆಯ ಮಾತು ಓದಿ ಬರೆಯದೆ ಇರಲಾಗಲಿಲ್ಲ. ನೀವು ಸುಡುತ್ತಿರುವ ಆ ಎಲೆಗಾಗಿ ನಾನು ಎರಡು ವರ್ಷ ಪರದಾಡಿದ್ದೇನೆ.

ನಮ್ಮ ಹಾಸ್ಟೆಲ್‌ನಲ್ಲಿ 240 ವಿದ್ಯಾರ್ಥಿನಿಯರಿದ್ದಾರೆ. ಅಡುಗೆಮನೆಯ ಸಿಪ್ಪೆ, ತಟ್ಟೆಯಲ್ಲಿ ಉಳಿದ ಊಟ ಎಲ್ಲವನ್ನೂ ಗುಂಡಿಗೆ ಹಾಕಿ ಗೊಬ್ಬರ ಮಾಡಲು ಹೊರಟೆವು. ಮೂರನೆಯ ವಾರಕ್ಕೆ ದುರ್ನಾತ, ನೊಣ, ಗುಂಡಿಯ ತಳದಲ್ಲಿ ಕಪ್ಪು ನೀರು. ಆ ಬದಿಯ ಕೋಣೆಗಳ ಹುಡುಗಿಯರು ಕಿಟಕಿ ತೆರೆಯುವಂತಿರಲಿಲ್ಲ. ಅವರ ದೂರು ನ್ಯಾಯವಾಗಿತ್ತು. ಗುಂಡಿ ಮುಚ್ಚಿಸಿದೆ.

ತಪ್ಪು ಎಲ್ಲಿತ್ತು ಎಂದು ಆಮೇಲೆ ತಿಳಿಯಿತು. ಗೊಬ್ಬರದ ರಾಶಿಯಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಇರಬೇಕು. ಊಟದ ಹಸಿ ಕಸದಲ್ಲಿ ಇಂಗಾಲದ ಪಾಲು ಇದಕ್ಕಿಂತ ಬಹಳ ಕಡಿಮೆ, ನೀರು ಹೆಚ್ಚು. ಅದು ತನ್ನ ಭಾರಕ್ಕೆ ತಾನೇ ಕುಸಿದು ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಗಾಳಿ ಇಲ್ಲದ ಕಡೆ ಕೊಳೆತರೆ ನಾರುತ್ತದೆ. ಒಣ ಎಲೆಯಲ್ಲಿ ಇಂಗಾಲ ಧಾರಾಳ, ಅದರ ಸಂದುಗಳಲ್ಲಿ ಗಾಳಿಯೂ ಆಡುತ್ತದೆ. ಎರಡೂ ಸೇರಿದರೆ ಮಾತ್ರ ಗೊಬ್ಬರ. ಎಲೆಯನ್ನಷ್ಟೇ ರಾಶಿ ಹಾಕಿದರೂ ಕೊಳೆಯುತ್ತದೆ, ಆದರೆ ವರ್ಷವೇ ಹಿಡಿಯಬಹುದು.

ಈಗ ನಾವು ಒಂದು ಬುಟ್ಟಿ ಹಸಿ ಕಸಕ್ಕೆ ಮೂರು ಬುಟ್ಟಿ ಒಣ ಎಲೆ ಹಾಕುತ್ತೇವೆ. ಗುಂಡಿ ಬಿಟ್ಟು ನೆಲದ ಮೇಲೆ, ಎದೆಮಟ್ಟದ ತಂತಿಬಲೆಯ ಗೂಡಿನಲ್ಲಿ. ಹಸಿ ಕಸ ಎಂದಿಗೂ ಮೇಲೆ ಕಾಣಬಾರದು, ಅದರ ಮೇಲೆ ಎಲೆಯ ಹೊದಿಕೆ ಇರಲೇಬೇಕು. ತೇವ ಸರಿಯಿದೆಯೇ ಎಂದು ನೋಡಲು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡುತ್ತೇನೆ: ಬೆರಳ ಸಂದಿನಲ್ಲಿ ಒಂದೆರಡು ಹನಿ ಕಂಡರೆ ಸರಿ, ಧಾರೆಯಾಗಿ ಇಳಿದರೆ ಎಲೆ ಸಾಲದು. ರಾಶಿಯ ನಡುವೆ ಒಂದು ಕಬ್ಬಿಣದ ಸರಳು ಚುಚ್ಚಿಟ್ಟಿದ್ದೇವೆ. ನಾಲ್ಕನೆಯ ದಿನ ಅದನ್ನು ಎಳೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿರುತ್ತದೆ. 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ಹಾಗೇ ನಿಂತರೆ ರೋಗಾಣುಗಳೂ ಕಳೆ ಬೀಜಗಳೂ ಸಾಯುತ್ತವೆ. ಮೊದಲ ಸಲ ಆ ಬಿಸಿ ನೋಡಿದಾಗ ಅಡುಗೆಯವರು, ಹುಡುಗಿಯರು ಎಲ್ಲರೂ ಸುತ್ತ ಬಂದು ನಿಂತಿದ್ದರು. ಬೆಂಕಿ ಹಚ್ಚದೆಯೇ ಎಲೆ ಇಷ್ಟು ಕಾಯುತ್ತದೆ ಎಂಬುದನ್ನು ನಾನೂ ಕಣ್ಣಾರೆ ನೋಡಿ ನಂಬಿದೆ.

ಒಂದು ತೊಡಕಿದೆ. ಎಲೆ ಉದುರುವುದು ವರ್ಷದಲ್ಲಿ ಎರಡು ಮೂರು ತಿಂಗಳು, ಅಡುಗೆಮನೆ ನಡೆಯುವುದು ವರ್ಷವಿಡೀ. ಆದ್ದರಿಂದ ಉದುರುವ ಕಾಲದಲ್ಲೇ ಚೀಲಗಳಲ್ಲಿ ತುಂಬಿ, ಮಳೆ ತಾಗದ ಕಡೆ ಕೂಡಿಡಬೇಕು. ನಿಮ್ಮ ಯೋಜನೆಯಲ್ಲಿ ಮೊದಲು ಬರೆಯಬೇಕಾದದ್ದು ಆ ಜಾಗ. ಗೊಬ್ಬರದ ಗೂಡಿಗಿಂತ ಎಲೆಯ ದಾಸ್ತಾನಿಗೆ ಹೆಚ್ಚು ಜಾಗ ಬೇಕು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ತಟ್ಟೆಯಲ್ಲಿ ಬಿಡುವುದನ್ನು ತಗ್ಗಿಸುವುದು ಇದಕ್ಕಿಂತ ದೊಡ್ಡ ಕೆಲಸ. ನಾವು ಪ್ರತಿ ರಾತ್ರಿ ತೂಗಿ, ತಲೆಗೆ ಎಷ್ಟು ಗ್ರಾಂ ಎಂದು ಊಟದ ಮನೆಯ ಹಲಗೆಯ ಮೇಲೆ ಬರೆಯುತ್ತೇವೆ. ಬೈಗುಳವಿಲ್ಲ, ಉಪದೇಶವಿಲ್ಲ, ಅಂಕಿ ಮಾತ್ರ. ಬಡಿಸುವ ಸೌಟು ಚಿಕ್ಕದು ಮಾಡಿ, ಮತ್ತೆ ಬಡಿಸಿಕೊಳ್ಳಲು ಯಾರೂ ಸಂಕೋಚಪಡದಂತೆ ನೋಡಿಕೊಂಡೆವು. ಅಮೆರಿಕದ ಅನೇಕ ಕಾಲೇಜುಗಳು ಊಟದ ಟ್ರೇಗಳನ್ನೇ ತೆಗೆದು ಬರೀ ತಟ್ಟೆ ಇಟ್ಟದ್ದೂ ಇದೇ ಕಾರಣಕ್ಕೆ: ಎರಡು ಕೈಯಲ್ಲಿ ಹಿಡಿಯುವಷ್ಟನ್ನೇ ಜನ ಬಡಿಸಿಕೊಳ್ಳುತ್ತಾರೆ, ತೊಳೆಯುವ ನೀರೂ ಉಳಿಯುತ್ತದೆ.

ಉತ್ತರ: ಪರಿಸರ ವಿಜ್ಞಾನದ ಸಂಶೋಧಕ

ಎಂಜಿನಿಯರ್ ಸರ್ ಅವರ ರಾತ್ರಿ ಎಣಿಕೆಗೆ ಮನಸಾರೆ ಒಪ್ಪಿಗೆ. ಆದರೆ ಸಸಿಗಳನ್ನು ಬದಿಗಿಡಿ ಎಂಬ ಮಾತನ್ನು ಒಪ್ಪಲಾರೆ. ಆವರಣವೆಂದರೆ ಮೀಟರು, ಪೈಪು ಮಾತ್ರವಲ್ಲ; ಅಲ್ಲಿ ನಮ್ಮನ್ನು ಬಿಟ್ಟು ಬೇರೆ ಜೀವಿಗಳೂ ಸಂಸಾರ ಹೂಡಿವೆ.

ಮೇಡಂ, ಉಳಿದ ಆ 61ನ್ನು ಮೊದಲು ಕಾಪಾಡಿ. ಹೊಸದಾಗಿ ನೆಡುವುದಾದರೆ 150ರ ಬದಲು 20 ನೆಡಿ, ಆ ಮಣ್ಣಿಗೆ ಹೊಂದುವ ಸ್ಥಳೀಯ ಜಾತಿಗಳನ್ನೇ ಆರಿಸಿ, ಗುಂಡಿಯನ್ನು ಬೇರಿನ ಗಡ್ಡೆಗಿಂತ ಎರಡು ಮೂರು ಪಟ್ಟು ಅಗಲ ಮಾಡಿ. ಕಾಂಡಕ್ಕೆ ತಾಗದಂತೆ ಸುತ್ತಲೂ ಎಲೆಯ ಹೊದಿಕೆ ಹಾಸಿ. ದಿನವೂ ಚಿಮುಕಿಸುವ ನೀರಿಗಿಂತ ವಾರಕ್ಕೆ ಎರಡು ಸಲ ಆಳಕ್ಕಿಳಿಯುವಂತೆ ಕೊಟ್ಟ ನೀರು ಬೇರನ್ನು ಕೆಳಕ್ಕೆ ಎಳೆಯುತ್ತದೆ. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮೇಲ್ವಿಚಾರಕಿಯವರಲ್ಲಿ ಒಂದು ವಿನಂತಿ: ಎಲ್ಲ ಎಲೆಯನ್ನೂ ಗುಡಿಸಿ ಒಯ್ಯಬೇಡಿ. ಎಷ್ಟೋ ಪತಂಗಗಳ ಕೋಶ (ಹುಳು ಪತಂಗವಾಗುವ ಮೊದಲಿನ ಹಂತ) ಆ ಎಲೆಯ ಅಡಿಯಲ್ಲೇ ಕಾಲ ಕಳೆಯುತ್ತದೆ. ಎರೆಹುಳು, ಸಾವಿರಕಾಲಿ, ಅವನ್ನು ಕೆದಕಿ ತಿನ್ನುವ ಹಕ್ಕಿ ಎಲ್ಲವೂ ಆ ಹಾಸಿನ ಮೇಲೆ ನಿಂತಿವೆ. ನಡೆಯುವ ದಾರಿ, ಆಟದ ಮೈದಾನ, ಚರಂಡಿಯ ಬಾಯಿ ಇವನ್ನು ಗುಡಿಸಿ. ದೊಡ್ಡ ಮರಗಳ ಬುಡದಲ್ಲಿ ಹಾಗೇ ಬಿಡಿ. ಆವರಣದ ಒಂದು ಮೂಲೆಯನ್ನು ಹುಲ್ಲು ಕತ್ತರಿಸದೆ ಬಿಟ್ಟು ಅಲ್ಲೊಂದು ಫಲಕ ಹಾಕಿ. ಫಲಕ ಇಲ್ಲದಿದ್ದರೆ ಅದನ್ನು ಯಾರ ಕಣ್ಣೂ ತೋಟವೆಂದು ಗುರುತಿಸುವುದಿಲ್ಲ, ಸ್ವಚ್ಛತಾ ದಿನದಂದು ಬೋಳಿಸಿಬಿಡುತ್ತಾರೆ. ನಮ್ಮಲ್ಲಿ ಎರಡು ಸಲ ಹಾಗಾಗಿದೆ.

ರಾತ್ರಿಯ ದೀಪಗಳ ಬಗ್ಗೆ ಎಂಜಿನಿಯರ್ ಸರ್ ಯೂನಿಟ್ ಲೆಕ್ಕ ಹೇಳಿದರು. ನಾನು ಬಣ್ಣದ ಲೆಕ್ಕ ಸೇರಿಸುತ್ತೇನೆ. ನೀಲಿ ಹೆಚ್ಚಿರುವ ಬಿಳಿ ಬೆಳಕು ಕೀಟಗಳನ್ನು ಬಹಳ ಸೆಳೆಯುತ್ತದೆ. ಹಳದಿ ಛಾಯೆಯ, ಮೇಲಿನಿಂದ ಮುಚ್ಚಿರುವ, ನೆಲಕ್ಕಷ್ಟೇ ಬೀಳುವ ದೀಪ ಅವಕ್ಕೆ ಕಡಿಮೆ ಹಾನಿ ಮಾಡುತ್ತದೆ. ಹೊಸ ಕಟ್ಟಡಗಳ ಗಾಜಿನ ಗೋಡೆಗೆ ಹಕ್ಕಿ ಬಡಿದು ಸಾಯುತ್ತಿದ್ದರೆ ಗಾಜಿನ ಹೊರಬದಿಯಲ್ಲಿ ಸುಮಾರು 5 ಸೆಂಟಿಮೀಟರ್ ಅಂತರದಲ್ಲಿ ಚುಕ್ಕಿ ಅಂಟಿಸಬೇಕು. ಒಂದೇ ಒಂದು ಗಿಡುಗದ ಚಿತ್ರ ಅಂಟಿಸಿದರೆ ಪ್ರಯೋಜನವಿಲ್ಲ, ಅದರ ಪಕ್ಕದ ಖಾಲಿ ಗಾಜಿಗೇ ಬಂದು ಬಡಿಯುತ್ತವೆ.

ಉತ್ತರ: ಅಂತಿಮ ವರ್ಷದ ವಿದ್ಯಾರ್ಥಿ

ಮೇಡಂ, ನಾನು ಬೇರೆ ಕಾಲೇಜಿನವನು. ನಮ್ಮ ಪರಿಸರ ಸಂಘದಲ್ಲಿ ಮೂರು ವರ್ಷ ದುಡಿದಿದ್ದೇನೆ, ಇನ್ನು ಎರಡು ತಿಂಗಳಲ್ಲಿ ಹೊರಡುತ್ತೇನೆ. ನನ್ನನ್ನು ಕಾಡುವುದು ಒಂದೇ: ನಾವು ಹೋದ ಮೇಲೆ ಏನಾಗುತ್ತದೆ? ನಾನು ಮೊದಲ ವರ್ಷಕ್ಕೆ ಸೇರಿದಾಗ ಹಿಂದಿನವರು ಮಾಡಿದ್ದ ಮಳೆನೀರಿನ ಲೆಕ್ಕ, ಅಳತೆಯ ಪುಸ್ತಕ ಯಾವುದೂ ಸಿಗಲಿಲ್ಲ. ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಿದೆವು. ಛಾವಣಿಯನ್ನು ನಾವೇ ಟೇಪು ಹಿಡಿದು ಅಳೆದೆವು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 1,000 ಚದರ ಮೀಟರ್ ಛಾವಣಿಗೆ 20 ಮಿಲಿಮೀಟರ್ ಬಿದ್ದರೆ 20,000 ಲೀಟರ್, ಐದರಲ್ಲೊಂದು ಪಾಲು ಪೋಲಾದರೂ 16,000 ಕೈಗೆ ಸಿಗುತ್ತದೆ. ಈ ಲೆಕ್ಕ ಮಾಡಿದ ದಿನ ನಾವು ರಾತ್ರಿ ನಿದ್ದೆ ಮಾಡಲಿಲ್ಲ. ಆಮೇಲೆ ತಿಳಿಯಿತು, ಐದು ವರ್ಷದ ಹಿಂದಿನ ತಂಡವೂ ಇದೇ ಲೆಕ್ಕ ಮಾಡಿ ಕಚೇರಿಗೆ ಕೊಟ್ಟಿತ್ತು.

ಅದಕ್ಕೇ ನನ್ನ ಕೋರಿಕೆ: ಅಳತೆಗಳ ಒಂದು ಪುಸ್ತಕ ಗ್ರಂಥಾಲಯದಲ್ಲಿ ಇರಲಿ, ಗ್ರಂಥಪಾಲಕರ ಸುಪರ್ದಿನಲ್ಲಿ. ಮೊದಲ ವರ್ಷದವರನ್ನು ಮೊದಲ ತಿಂಗಳಲ್ಲೇ ಸೇರಿಸಿಕೊಳ್ಳಿ, ಅವರ ಕೈಯಲ್ಲಿ ಮೂರು ವರ್ಷ ಇರುತ್ತದೆ. ಮೀಟರ್ ಓದುವುದನ್ನು ಸಂಖ್ಯಾಶಾಸ್ತ್ರದ ಪ್ರಾಜೆಕ್ಟ್ ಮಾಡಿ; ಅಂಕ ಸಿಕ್ಕರೆ ಪರೀಕ್ಷೆಯ ಕಾಲದಲ್ಲೂ ಅದು ನಿಲ್ಲುವುದಿಲ್ಲ.

ಅಂಕಿಯನ್ನು ಎಲ್ಲರಿಗೂ ತೋರಿಸುವುದರ ಬಲದ ಬಗ್ಗೆ ಒಂದು ಉದಾಹರಣೆ. ಅಮೆರಿಕದ ಓಬರ್ಲಿನ್ ಕಾಲೇಜಿನಲ್ಲಿ 2005ರಲ್ಲಿ ಹಾಸ್ಟೆಲ್‌ಗಳ ನಡುವೆ ಎರಡು ವಾರದ ಸ್ಪರ್ಧೆ ನಡೆಯಿತು. ಬಳಕೆಯ ಅಂಕಿ ಕಣ್ಣೆದುರಿಗೆ ಕಾಣುವಂತಾದಾಗ ವಿದ್ಯುತ್ ಬಳಕೆ ಶೇ 32ರಷ್ಟು ಇಳಿಯಿತು. ಕ್ಷಣಕ್ಷಣದ ಅಂಕಿ ಕಾಣುತ್ತಿದ್ದ ಹಾಸ್ಟೆಲ್‌ಗಳಲ್ಲಿ ಶೇ 55ರಷ್ಟು. ಆದರೆ ನೀರು ಇಳಿದದ್ದು ಶೇ 3 ಮಾತ್ರ. ನಾನು ಇದರಿಂದ ಅರ್ಥ ಮಾಡಿಕೊಂಡದ್ದು, ವಿದ್ಯಾರ್ಥಿಗಳು ಸ್ವಿಚ್ ಆರಿಸಬಲ್ಲರು, ನೀರಿಗೆ ಪೈಪು ನಲ್ಲಿಗಳನ್ನೇ ಸರಿಮಾಡಬೇಕು. ಅದು ಎಂಜಿನಿಯರ್ ಸರ್ ಹೇಳಿದ ದಾರಿಯೇ.

ಉತ್ತರ: ನಿವೃತ್ತ ಪ್ರಾಂಶುಪಾಲ

ಚಿಕ್ಕದಾಗಿ ಹೇಳುತ್ತೇನೆ. 1990ರಲ್ಲಿ ಫ್ರಾನ್ಸಿನ ತಲುವಾರ್‌ನಲ್ಲಿ 22 ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಸೇರಿ ಹತ್ತು ಅಂಶಗಳ ಘೋಷಣೆ ಹೊರಡಿಸಿದರು. ಪರಿಸರ ಪಾಠವನ್ನು ಕಲಿಸಿದರೆ ಸಾಲದು, ಸಂಸ್ಥೆ ತಾನೇ ಸಂಪನ್ಮೂಲ ಉಳಿಸಿ ಮಾದರಿಯಾಗಬೇಕು ಎಂಬುದು ಅದರಲ್ಲಿ ಒಂದು ಅಂಶ. 2010ರಿಂದ ಇಂಡೋನೇಷ್ಯಾ ವಿಶ್ವವಿದ್ಯಾಲಯ ನಡೆಸುವ ಗ್ರೀನ್‌ಮೆಟ್ರಿಕ್ ಎಂಬ, ವಿಶ್ವವಿದ್ಯಾಲಯಗಳ ಪರಿಸರ ಕೆಲಸದ ಶ್ರೇಯಾಂಕದಲ್ಲಿ ಈ ಬಾಬುಗಳಿವೆ: ಆವರಣ ಮತ್ತು ಮೂಲಸೌಕರ್ಯ, ಶಕ್ತಿ ಮತ್ತು ಹವಾಮಾನ, ಕಸ, ನೀರು, ಸಾರಿಗೆ, ಶಿಕ್ಷಣ ಮತ್ತು ಸಂಶೋಧನೆ. ನಿಮ್ಮ ಯೋಜನೆಗೆ ಚೌಕಟ್ಟು ಬೇಕಾದರೆ ಇವು ಸಾಕು.

ಆದರೆ ಆಡಳಿತದಲ್ಲಿದ್ದವನಾಗಿ ನನ್ನ ಅನುಭವ ಬೇರೆ. ಎಲೆ ಸುಡಬಾರದು ಎಂದು ಬಾಯಲ್ಲಿ ಹೇಳಿದರೆ ಅದು ನಿಮ್ಮ ಕೋರಿಕೆ, ಪ್ರಾಂಶುಪಾಲರ ಸಹಿಯಿರುವ ಆದೇಶವಾದರೆ ನಿಯಮ. ಜೊತೆಗೆ, ಸುಡದಿದ್ದರೆ ಎಲೆಯನ್ನು ಎಲ್ಲಿ ಹಾಕಬೇಕು ಎಂದು ಅದೇ ಆದೇಶದಲ್ಲಿ ಬರೆಯಿರಿ. ಗುಡಿಸುವವರಿಗೆ ಒಂಬತ್ತೂವರೆಯೊಳಗೆ ಅಂಗಳ ಶುಚಿಯಾಗಿರಬೇಕು ಎಂಬ ಒತ್ತಡ ಹಾಕಿದವರು ನಾವೇ. ಅವರು ಬೆಂಕಿ ಹಚ್ಚುವುದು ಬೇರೆ ದಾರಿ ಕಾಣದೆ. ಯೋಜನೆ ಬರೆಯುವ ಮೊದಲು ಅವರನ್ನೂ ಮಾಲಿಯನ್ನೂ ಸಮಿತಿಯ ಸಭೆಗೆ ಕರೆದು, ಕುರ್ಚಿ ಕೊಟ್ಟು, ಮಾತು ಕೇಳಿ. ನಾನು ಅಧಿಕಾರದಲ್ಲಿದ್ದಾಗ ಇದನ್ನು ಬಹಳ ತಡವಾಗಿ ಮಾಡಿದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಸಸ್ಯಶಾಸ್ತ್ರ ಅಧ್ಯಾಪಕಿ (ಹನ್ನೆರಡು ದಿನಗಳ ನಂತರ)

ಎಲ್ಲರಿಗೂ ಕೃತಜ್ಞತೆ. ಉತ್ತರ ಬರೆಯುವ ಮೊದಲು ನೀವು ಹೇಳಿದ್ದನ್ನು ಸ್ವಲ್ಪವಾದರೂ ಮಾಡೋಣ ಎಂದು ತಡ ಮಾಡಿದೆ.

ರಾತ್ರಿ 2ಕ್ಕೆ ಹೋಗಲು ಅನುಮತಿ ಸಿಗಲಿಲ್ಲ. ರಾತ್ರಿ ಒಂಬತ್ತೂವರೆಗೆ ಕಾವಲುಗಾರರು ಮತ್ತು ಭೌತಶಾಸ್ತ್ರದ ಸಹೋದ್ಯೋಗಿಯ ಜೊತೆ ಹೋದೆ. ನಮ್ಮ ಮೀಟರಿನ ಗುಣಕ 20. ಒಂದು ಗಂಟೆಯಲ್ಲಿ ಅಂಕಿ 0.6 ಮುಂದೆ ಹೋಯಿತು, ಅಂದರೆ 12 ಯೂನಿಟ್. ಮರುದಿನ ಬೆಳಿಗ್ಗೆ 11ರಿಂದ 12ರವರೆಗೆ ಓದಿದಾಗ 38. ಒಬ್ಬರೂ ಇಲ್ಲದ ಕಾಲೇಜು ತುಂಬಿದ ಕಾಲೇಜಿನ ಮೂರನೆಯ ಒಂದು ಪಾಲಿನಷ್ಟು ವಿದ್ಯುತ್ ಬಳಸುತ್ತಿದೆ. ಆ 12ರಲ್ಲಿ ನನ್ನ ವಿಭಾಗದ ಪಾಲೂ ಇತ್ತು: ಪ್ರಯೋಗಾಲಯದ ಇನ್‌ಕ್ಯುಬೇಟರ್ (ಸೂಕ್ಷ್ಮಜೀವಿಗಳನ್ನು ಬೆಳೆಸುವ ಬೆಚ್ಚನೆಯ ಪೆಟ್ಟಿಗೆ) ಒಂದೇ ಒಂದು ಹಳೆಯ ಪೆಟ್ರಿ ತಟ್ಟೆಯನ್ನು ಇಟ್ಟುಕೊಂಡು ರಜೆಯಿಂದಲೂ ಉರಿಯುತ್ತಿತ್ತು. ಅದನ್ನು ಆರಿಸಿ, ಬಾಗಿಲಿಗೆ ದಿನಾಂಕ ಬರೆಯುವ ಚೀಟಿ ಅಂಟಿಸಿದ್ದೇನೆ. ಎರಡನೆಯ ಮಹಡಿಯ ಒಂದು ನಲ್ಲಿ ನಿಮಿಷಕ್ಕೆ 400 ಮಿಲಿಲೀಟರ್ ಸೋರುತ್ತಿತ್ತು, ದಿನಕ್ಕೆ 576 ಲೀಟರ್. ವಾಷರ್ ಬದಲಿಸಿದರು, ಹತ್ತು ನಿಮಿಷದ ಕೆಲಸ.

ಆದರೆ ನಾನು ನಿಜವಾಗಿ ಬರೆಯಬೇಕೆಂದಿರುವುದು ಮಾಲಿಯವರ ವಿಷಯ. ಪ್ರಾಂಶುಪಾಲ ಸರ್ ಹೇಳಿದಂತೆ ಅವರನ್ನು ಸಭೆಗೆ ಕರೆದೆ. 450ರಲ್ಲಿ 61 ಉಳಿದದ್ದು ಏಕೆ ಎಂದು ಕೇಳಿದೆ. ಅವರು ಎದ್ದು ಹೊರಗೆ ಕರೆದೊಯ್ದು ನಲ್ಲಿಗೆ ಪೈಪು ಸಿಕ್ಕಿಸಿ ಎಳೆದುಕೊಂಡು ಹೋದರು. 30 ಮೀಟರಿಗೆ ಪೈಪು ಮುಗಿಯಿತು. "ಇಲ್ಲಿಯವರೆಗೆ ನೀರು ಬರುತ್ತದೆ ಮೇಡಂ. ಅಲ್ಲಿಂದಾಚೆ ನಾನು ಬಿಂದಿಗೆಯಲ್ಲಿ ಹೊರುತ್ತೇನೆ, ರಜೆಯಲ್ಲಿ ನನಗೂ ಕೆಲಸವಿಲ್ಲ" ಎಂದರು. ನನ್ನ ನೋಟ್‌ಬುಕ್ ತೆರೆದು ಗುರುತು ಹಾಕಿ ನೋಡಿದೆ. ಬದುಕಿರುವ 61ರಲ್ಲಿ 48 ಆ ಪೈಪು ತಲುಪುವ ದೂರದ ಒಳಗಿವೆ. ಉಳಿದ 13 ಕೈತೊಳೆಯುವ ನೀರು ಹರಿದುಹೋಗುವ ಕಾಲುವೆಯ ಪಕ್ಕದಲ್ಲಿವೆ.

ಜಾತಿ ಸರಿಯಿಲ್ಲ, ಮಣ್ಣು ಸರಿಯಿಲ್ಲ, ಬಿಸಿಲು ಹೆಚ್ಚಾಯಿತು ಎಂದೆಲ್ಲ ಮೂರು ವರ್ಷ ವರದಿ ಬರೆದಿದ್ದೇನೆ. ಅವರನ್ನು ಒಂದು ಸಲವೂ ಕೇಳಿರಲಿಲ್ಲ.

ಯೋಜನೆಯ ಮೊದಲ ಪುಟ ಬರೆದಿದ್ದೇನೆ. ಈ ಜೂನ್ 5ರಂದು ಹೊಸ ಸಸಿ ನೆಡುವುದಿಲ್ಲ. ಹಿಂಭಾಗಕ್ಕೆ ಎರಡು ಹೊಸ ನಲ್ಲಿ, ರಜೆಯ ದಿನಗಳಿಗೂ ಮಾಲಿಯವರಿಗೆ ಸಂಬಳ, 61 ಮರಿಗಳಿಗೆ ಸಂಖ್ಯೆಯ ತಗಡು, ಪ್ರತಿಯೊಂದಕ್ಕೂ ಮೊದಲ ವರ್ಷದ ಇಬ್ಬರು ವಿದ್ಯಾರ್ಥಿಗಳು. ಎಲೆ ಸುಡಬಾರದೆಂಬ ಆದೇಶಕ್ಕೆ ಸೋಮವಾರ ಸಹಿ ಆಗಿದೆ. ಇವತ್ತು ಕಿಟಕಿ ತೆರೆದು ಪಾಠ ಮಾಡಿದೆ.

ಮೇಲ್ವಿಚಾರಕಿಯವರೇ, ಸೈಕಲ್ ಶೆಡ್ಡಿನ ಹಿಂದೆ ಮಳೆ ತಾಗದ ಜಾಗ ಸಿಕ್ಕಿದೆ, ನಾಲ್ಕು ಮೀಟರ್ ಉದ್ದ, ಎರಡು ಮೀಟರ್ ಅಗಲ. ಎಲೆಯ ಚೀಲಗಳನ್ನು ಎಷ್ಟು ಎತ್ತರಕ್ಕೆ ಪೇರಿಸಬಹುದು?

ಉತ್ತರ: ಹಾಸ್ಟೆಲ್ ಮೇಲ್ವಿಚಾರಕಿ

ತಲೆಯ ಮಟ್ಟಕ್ಕಿಂತ ಮೇಲೆ ಬೇಡ, ಇಳಿಸುವವರ ಬೆನ್ನಿಗೆ ಕಷ್ಟ. ಅಡಿಯಲ್ಲಿ ಎರಡು ಸಾಲು ಇಟ್ಟಿಗೆ ಇಟ್ಟು ಅದರ ಮೇಲೆ ಪೇರಿಸಿ, ಇಲ್ಲದಿದ್ದರೆ ಕೆಳಗಿನ ಚೀಲ ನೆಲದ ತೇವ ಹೀರಿ ಅಲ್ಲೇ ಕೊಳೆಯಲು ತೊಡಗುತ್ತದೆ. ತುಂಬುವಾಗ ಕಾಲಲ್ಲಿ ಚೆನ್ನಾಗಿ ತುಳಿಯಿರಿ. ತುಳಿದು ತುಂಬಿದ ಚೀಲಕ್ಕೆ ಸುಮಾರು ಮೂರು ಪಟ್ಟು ಎಲೆ ಹಿಡಿಯುತ್ತದೆ. ಒಣ ಎಲೆಗೆ ಕಿಡಿ ತಾಗಿದರೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ, ಆದ್ದರಿಂದ ಶೆಡ್ಡಿನ ಹತ್ತಿರ ಯಾರೂ ಬೆಂಕಿ ಹಚ್ಚದಂತೆ ನೋಡಿಕೊಳ್ಳಿ, ಮಣ್ಣು ತುಂಬಿದ ಎರಡು ಬಕೆಟ್ ಅಲ್ಲೇ ಇರಲಿ. ಮೊದಲ ರಾಶಿ ಹಾಕುವ ದಿನ ತಿಳಿಸಿ. ನಮ್ಮ ಹಳೆಯ ರಾಶಿಯಿಂದ ಒಂದು ಚೀಲ ಗೊಬ್ಬರ ಹೆಪ್ಪಿಗೆಂದು ಕಳಿಸುತ್ತೇನೆ.